ಪಾಲು ಮಾಡಿದವನ ಪಾಲು

ವೆಂಕಟೇಶ ಕೈ ಎತ್ತಿದ್ದು ಪಾರ್ಕಿಂಗ್ ಎಲ್ಲಿ ಅಂತ ಕೇಳುವುದಕ್ಕೆ. ಇದನ್ನು ಅವನು ಆಮೇಲೆ ಹೆಂಡತಿಗೂ ಹೇಳಿದ, ತಮ್ಮನಿಗೂ ಹೇಳಿದ, ಆಫೀಸಿನಲ್ಲಿ ಕಾಫಿ ಮೆಷಿನ್ ಹತ್ತಿರ ಸಿಕ್ಕಿದವರಿಗೆಲ್ಲ ಹೇಳಿದ. ಒಬ್ಬರೂ ನಂಬಲಿಲ್ಲ.

ಅದು ಅಮೆರಿಕದ ಫ್ರೀಮಾಂಟಿನ ಶಾಲೆಯಲ್ಲಿ ಮಗಳು ನಿಸರ್ಗಾಳ ಕ್ಲಾಸಿನ ಪೇರೆಂಟ್ಸ್ ಮೀಟಿಂಗು. ಟೀಚರ್ ಮಿಸ್ ಡಾಸನ್ ಮುಂದಿನ ಶನಿವಾರದ ವಿಷಯ ಹೇಳುತ್ತಿದ್ದರು. ಮಕ್ಕಳನ್ನೆಲ್ಲ ಊರಾಚೆಯ ಹಳೇ ಫಾರ್ಮಿಗೆ ಕರೆದುಕೊಂಡು ಹೋಗುತ್ತಾರಂತೆ. ಹಿಂದಿನ ಕಾಲದಲ್ಲಿ ಕಾಡು ಕಡಿದು ಹೊಲ ಮಾಡಿಕೊಂಡ ಅಮೆರಿಕದ ರೈತರು ಸಾಯುವ ಮುಂಚೆ ಆಸ್ತಿಯನ್ನು ಮನೆಯವರಿಗೆ ಹೇಗೆ ಹಂಚುತ್ತಿದ್ದರು ಅಂತ ಅಲ್ಲಿ ಒಂದು ಪುಟ್ಟ ನಾಟಕ. ಮಕ್ಕಳ ಪಾರ್ಟಿಗೆ ಮಕ್ಕಳಿದ್ದಾರೆ, ಹಾಸಿಗೆ ಹಿಡಿದ ಮುದಿ ರೈತನಾಗುವುದಕ್ಕೆ ಮಾತ್ರ ಯಾರಾದರೂ ಒಬ್ಬ ಅಪ್ಪ ಬೇಕು. ಅವರು ಹೀಗೆ ಹೇಳಿ ತಲೆ ಎತ್ತುವುದಕ್ಕೂ ಪಾರ್ಕಿಂಗಿನ ಯೋಚನೆಯಲ್ಲಿದ್ದ ವೆಂಕಟೇಶನ ಕೈ ಮೇಲೇಳುವುದಕ್ಕೂ ಸರಿಹೋಯಿತು. ಮಿಸ್ ಡಾಸನ್ ಥ್ಯಾಂಕ್ಯೂ ಅಂದರು. ಉಳಿದ ಅಪ್ಪಂದಿರೆಲ್ಲ ಚಪ್ಪಾಳೆ ತಟ್ಟಿದರು. ತಾವು ತಪ್ಪಿಸಿಕೊಂಡ ಖುಷಿಗೆ ತಟ್ಟಿದ ಚಪ್ಪಾಳೆ ಅದು, ಜೋರಾಗಿಯೇ ಇತ್ತು.

ಪಕ್ಕದಲ್ಲಿ ಕೂತಿದ್ದ ನೆರೆಮನೆಯ ವ್ಯಾಸರಾಜ ಬೆನ್ನು ತಟ್ಟಿ, ಗಡ್ಡದ ಚಿಂತೆ ಬಿಡಿ, ನಾನು ಕೊಡ್ತೀನಿ ಅಂದ. ಈ ವ್ಯಾಸರಾಜ ಮೈಸೂರಿನವನು, ಕನ್ನಡ ಸಂಘದ ನಾಟಕಗಳಲ್ಲಿ ಕಾಯಂ ಋಷಿ. ಅವನ ಮಗ ಅಭಿರಾಮ್ ನಿಸರ್ಗಾಳ ಕ್ಲಾಸೇ. ಎರಡು ಮನೆಗಳ ನಡುವಿನ ಬೇಲಿ ಮೇಲೆ ಒಂದು ನಿಂಬೆ ಮರ ಇತ್ತು. ಬುಡ ವೆಂಕಟೇಶನ ಕಡೆ, ಕೊಂಬೆಯೆಲ್ಲ ವ್ಯಾಸರಾಜನ ಕಡೆ. ಆ ಮರದ ವಿಷಯ ಬಿಟ್ಟು ಉಳಿದೆಲ್ಲ ವಿಷಯದಲ್ಲೂ ಇಬ್ಬರಿಗೆ ಬಹಳ ಸ್ನೇಹ.

ಹೊರಗೆ ಎಷ್ಟು ಗೊಣಗಿದರೂ ಒಳಗೊಳಗೆ ವೆಂಕಟೇಶನಿಗೆ ಖುಷಿಯೇ ಆಗಿತ್ತು ನೋಡಿ. ಯಾಕೆಂದರೆ ಪಾಲು ಅನ್ನುವ ವಿಷಯ ಅವನ ಮನೆತನದ್ದು. ಮಂಡ್ಯದ ಕಡೆಯ ಅವನ ಹಳ್ಳಿಯಲ್ಲಿ ಅವನ ತಾತ ಚಿಕ್ಕಲಿಂಗೇಗೌಡರು ಸುತ್ತಮುತ್ತಲ ಊರುಗಳ ಅಣ್ಣತಮ್ಮಂದಿರಿಗೆಲ್ಲ ಪಾಲು ಮಾಡಿಸಿಕೊಟ್ಟವರು. ಕೈಯಲ್ಲೊಂದು ಬೆತ್ತದ ಕೋಲು ಹಿಡಿದು ಹೊಲಕ್ಕೆ ಇಳಿದರೆ, ಅವರು ನೆಲದ ಮೇಲೆ ಎಳೆದ ಗೆರೆಯನ್ನು ಯಾರೂ ದಾಟುತ್ತಿರಲಿಲ್ಲವಂತೆ, ಕೋರ್ಟಿಗೆ ಹೋದವರು ಒಬ್ಬರೂ ಇಲ್ಲವಂತೆ. ಅಮೆರಿಕಕ್ಕೆ ಬಂದಾಗಿನಿಂದ ವೆಂಕಟೇಶ ಈ ಕತೆಯನ್ನು ಸಿಕ್ಕಸಿಕ್ಕವರಿಗೆ ಹೇಳಿಕೊಂಡು ಬಂದಿದ್ದ. ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ ಊಟಗಳಲ್ಲಿ ಅವನು ತಾತ ಅಂತ ಬಾಯಿ ತೆರೆದರೆ ಜನ ತಟ್ಟೆ ಹಿಡಿದುಕೊಂಡು ಬೇರೆ ಮೂಲೆಗೆ ಹೋಗುತ್ತಿದ್ದರು.

ಈಗ ಆ ಕೋಲೇ ಫ್ರೀಮಾಂಟಿಗೆ ಬಂದಿತ್ತು. ಅವನ ತಾಯಿ ದೊಡ್ಡತಾಯಮ್ಮ ಮಕ್ಕಳನ್ನು ನೋಡಲು ಬಂದವರು ಅದನ್ನೂ ತಂದಿದ್ದರು. ಕೋಲನ್ನು ವಿಮಾನದೊಳಗೆ ಬಿಡುತ್ತಾರೋ ಇಲ್ಲವೋ ಅಂತ, ಗದ್ದೆ ಬದುವಿನ ಮೇಲೆ ಇವತ್ತಿಗೂ ದಾಪುಗಾಲು ಹಾಕುವ ಆ ಹೆಂಗಸು ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೂ ಕುಂಟಿಕೊಂಡೇ ಬಂದರು. ಹೊರಗೆ ಮಕ್ಕಳನ್ನು ಕಂಡ ತಕ್ಷಣ ಕಾಲು ಸರಿಹೋಯಿತು. ಕೋಲಿಗೆ ವೆಂಕಟೇಶ ಕೈ ಚಾಚಿದ. ಸ್ಯಾನ್ ಮಟಿಯೋದಲ್ಲಿರುವ ತಮ್ಮ ಮಧುಕರನೂ ಚಾಚಿದ. ದೊಡ್ಡತಾಯಮ್ಮ ಯಾರಿಗೂ ಕೊಡಲಿಲ್ಲ. ಊರಿಗೆ ಹೋಗುವ ಮುಂಚೆ ಯಾರಿಗೆ ಸೇರಬೇಕೋ ಅವರಿಗೆ ಕೊಡ್ತೀನಿ, ಅಲ್ಲೀಗಂಟ ಬಾಯಿ ಮುಚ್ಕೊಂಡಿರಿ ಅಂದುಬಿಟ್ಟರು.

ಅವತ್ತಿನಿಂದ ವೆಂಕಟೇಶನಿಗೆ ಅದೇ ಜಪ. ಹಿರಿಮಗ ತಾನು, ತಾತನ ಕತೆ ಊರಿಗೆಲ್ಲ ಹೇಳಿದವನು ತಾನು, ಹಾಲಿನ ಗೋಡೆ ಮೇಲೆ ಮೊಳೆ ಹೊಡೆದು ಜಾಗ ಮಾಡಿದವನೂ ತಾನೇ. ಮಧುಕರನಿಗೆ ಕೋಲು ಯಾಕೆ ಬೇಕು? ಅವನಿಗೆ ತಾತನ ಮುಖ ಕೂಡ ನೆನಪಿಲ್ಲ.

ಶನಿವಾರ ಬೆಳಿಗ್ಗೆ ಅವನು ತಾಯಿಯ ಹತ್ತಿರ ಹೋಗಿ, ಮುದಿ ರೈತನ ಪಾರ್ಟಿಗೆ ಕೋಲು ಬೇಕಲ್ಲವ್ವ ಅಂತ ರಾಗ ಎಳೆದ.

"ಇಟ್ಕೊ," ಅಂದರು ದೊಡ್ಡತಾಯಮ್ಮ. "ಕೊಟ್ಟೆ ಅಂತ ಮಾತ್ರ ಅಂದ್ಕಬ್ಯಾಡ."

ಅಷ್ಟೇ ಸಾಕಾಗಿತ್ತು. ಅಡುಗೆಮನೆಗೆ ಹೋಗಿ ಹುಣಿಸೆಹಣ್ಣು ತಗೊಂಡು ಕೋಲಿನ ತುದಿಯ ಹಿತ್ತಾಳೆ ಕಟ್ಟನ್ನು ಉಜ್ಜಲು ಕೂತ. ತಾತನ ಕಾಲದಿಂದ ಕಪ್ಪುಹಿಡಿದಿದ್ದ ಹಿತ್ತಾಳೆ. ಉಜ್ಜಿ, ತೊಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಉಜ್ಜಿ, ಅದರಲ್ಲಿ ತನ್ನ ಮುಖ ಕಾಣುವವರೆಗೂ ಬಿಡಲಿಲ್ಲ. ಸಾರಿಗೆ ತೆಗೆದಿಟ್ಟಿದ್ದ ಹುಣಿಸೆಹಣ್ಣು ಪೂರ್ತಿ ಮುಗಿದದ್ದನ್ನು ನೋಡಿ ಹೆಂಡತಿ ನಿರುಪಮಾ, ಇಷ್ಟು ಶ್ರದ್ಧೆಯಿಂದ ಒಂದು ದಿನ ಪಾತ್ರೆ ತೊಳೆದಿದ್ರೆ ನಿಮ್ಮ ಹೆಸರಲ್ಲೂ ಕತೆ ಹೇಳಬಹುದಾಗಿತ್ತು ರೀ ಅಂದಳು.

ಆಮೇಲೆ ಗಡ್ಡ. ವ್ಯಾಸರಾಜ ತಂದದ್ದು ಅವನ ಋಷಿ ಗಡ್ಡ, ಹೊಕ್ಕುಳವರೆಗೆ ಇಳಿಯುವಂಥದು. ಅಮೆರಿಕದ ರೈತರಿಗೆ ಇಷ್ಟುದ್ದ ಗಡ್ಡ ಇತ್ತೇನ್ರೀ ಅಂತ ವೆಂಕಟೇಶ ಕೇಳಿದ್ದಕ್ಕೆ, ಕಾಡಿನಲ್ಲಿದ್ದವರಿಗೆ ಕ್ಷೌರದಂಗಡಿ ಎಲ್ಲಿತ್ತು ಅಂತ ವ್ಯಾಸರಾಜ ತಿರುಗಿ ಕೇಳಿದ. ಹೇಳಿ ಮುಗಿಸುವಷ್ಟರಲ್ಲಿ ಗಮ್ ಹಾಕಿ ಅಂಟಿಸಿಯೂ ಬಿಟ್ಟಿದ್ದ. ತಲೆಗೆ ಹುಲ್ಲಿನ ಟೋಪಿ, ಪ್ಯಾಂಟಿಗೆ ಹೆಗಲ ಮೇಲಿಂದ ಎರಡು ಪಟ್ಟಿ, ಕೈಯಲ್ಲಿ ಫಳಫಳ ಹೊಳೆಯುವ ಕೋಲು. ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನಿಂದ ಒಂದು ಮಗು ಸ್ಯಾಂಟಾ ಅಂತ ಕೈ ಬೀಸಿತು. ಹಿಂದಿನ ಸೀಟಿನಲ್ಲಿ ನಿಸರ್ಗಾ ಯಾರಿಗೂ ಕಾಣದ ಹಾಗೆ ಕೆಳಕ್ಕೆ ಜಾರಿ ಕೂತಳು.

ಕಾರಿಳಿಯುವಾಗ ಅವಳು ಅಪ್ಪನ ತೋಳು ಹಿಡಿದು ನಿಲ್ಲಿಸಿದಳು. ಕಣ್ಣಲ್ಲಿ ನಿಜವಾದ ಭಯ ಇತ್ತು.

"ಅಪ್ಪ, ಜಸ್ಟ್ ರೀಡ್ ದ ಪೇಪರ್, ಓಕೆ? ನೋ ತಾತ ಸ್ಟೋರೀಸ್. ಪ್ಲೀಸ್."

ವೆಂಕಟೇಶನಿಗೆ ಚುರುಕ್ ಅಂತು. ಮಗಳು ತನ್ನ ಬಗ್ಗೆ ನಾಚಿಕೊಳ್ಳುತ್ತಾಳೆ ಅಂತ ಅವನಿಗೆ ಮುಂಚೆಯೂ ಅನುಮಾನ ಇತ್ತು. ಇಷ್ಟು ದಿನ ಅದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಓದಿ ಮುಗಿಸ್ತೀನಿ ಪುಟ್ಟಿ, ಅಷ್ಟೇ, ಅಂತ ಮಾತು ಕೊಟ್ಟ.

ಫಾರ್ಮಿನ ಹಳೇ ಕೊಟ್ಟಿಗೆಯಲ್ಲಿ ಹುಲ್ಲಿನ ಪಿಂಡಿಗಳ ಮೇಲೆ ಜನ ಕೂತಿದ್ದರು. ಮುಂದಿನ ಸಾಲಿನಲ್ಲಿ ದೊಡ್ಡತಾಯಮ್ಮ, ಪಕ್ಕದಲ್ಲಿ ಇಂಗ್ಲಿಷ್ ಬಿಡಿಸಿ ಹೇಳಲು ವ್ಯಾಸರಾಜ. ಹಿಂದೆ ಸ್ಯಾನ್ ಮಟಿಯೋದಿಂದ ಬಂದ ಮಧುಕರ, ಅವನ ಹೆಂಡತಿ ದೀಪಾಲಿ, ದೀಪಾಲಿಯ ತೊಡೆ ಮೇಲೆ ಕೂಸು ವಿಭಾ. ವಿಭಾ ಆಗತಾನೆ ಅಂಬೆಗಾಲಿಡಲು ಕಲಿತಿದ್ದಳು. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗಬೇಕು, ಆ ಹೊತ್ತಿಗೆ ಸಿಕ್ಕಿದ್ದು ವ್ಯಾಸರಾಜನ ಕಿವಿ.

ನಾಟಕ ಶುರುವಾಯಿತು. ಹುಲ್ಲಿನ ಹಾಸಿಗೆ ಮೇಲೆ ವೆಂಕಟೇಶ ನರಳುತ್ತ ಮಲಗಿದ. ಸುತ್ತ ಹೆಂಡತಿಯ ಪಾರ್ಟಿನ ಹುಡುಗಿ, ಹಿರಿಮಗನಾಗಿ ಅಭಿರಾಮ್, ಎರಡನೆಯವನಾಗಿ ಲೂಕಸ್ ಅನ್ನುವ ಹುಡುಗ, ಕೊನೆಯ ಮಗಳಾಗಿ ನಿಸರ್ಗಾ. ಮೂಗಿಗೆ ಹುಲ್ಲಿನ ಧೂಳು, ಬಾಯಿಗೆ ಗಡ್ಡದ ಕೂದಲು, ಆದರೂ ವೆಂಕಟೇಶ ಕೊಟ್ಟ ಮಾತಿನಂತೆ ಕಾಗದದಲ್ಲಿದ್ದುದನ್ನೇ ಇಂಗ್ಲಿಷಿನಲ್ಲಿ ಓದುತ್ತಾ ಹೋದ. ಹಿರಿಮಗನಿಗೆ ಹೊಳೆಯಾಚೆಯ ಹೊಲ ಮತ್ತು ಕುದುರೆ. ಎರಡನೇ ಮಗನಿಗೆ ಮನೆ, ಬಾವಿ, ಮನೆ ಸುತ್ತಲ ಹೊಲ. ಅದಕ್ಕೆ ಪ್ರತಿಯಾಗಿ ಅವನು ತಾಯಿಯನ್ನು ನೋಡಿಕೊಳ್ಳಬೇಕು. ಮಗಳಿಗೆ ಹಕ್ಕಿಗರಿ ತುಂಬಿದ ಒಂದು ಹಾಸಿಗೆ, ಒಂದು ಹಸು.

ವ್ಯಾಸರಾಜ ಒಂದೊಂದನ್ನೂ ದೊಡ್ಡತಾಯಮ್ಮನ ಕಿವಿಯಲ್ಲಿ ಹೇಳುತ್ತಿದ್ದ. ಮಗಳ ಹಸು ಬಂದಾಗಲೇ ಅವರ ಹುಬ್ಬು ಗಂಟಾಯಿತು. ಮುಂದಿನದು ಹೆಂಡತಿಯ ಭಾಗ. ನನ್ನ ಪ್ರೀತಿಯ ಪತ್ನಿಗೆ ಹಿಂದಿನ ಒಂದು ಕೋಣೆ, ಬಾಗಿಲಿಗೆ ತಂದು ಹಾಕಬೇಕಾದ ಸೌದೆ, ಮತ್ತು ಅಡುಗೆಮನೆ ಮೂಲಕ ಬಾವಿಗೆ ಹೋಗಿಬರುವ ಹಕ್ಕು ಅಂತ ವೆಂಕಟೇಶ ಓದಿದ. ವ್ಯಾಸರಾಜ ಅದನ್ನೂ ಹೇಳಿದ.

ದೊಡ್ಡತಾಯಮ್ಮ ಎದ್ದು ನಿಂತರು.

"ಏನಂದೆ? ಅವಳ ಮನೆ ಬಾವಿಗೆ ಅವಳು ಹೋಗಕ್ಕೆ ಇವನು ಹಕ್ಕು ಬರ್ದುಕೊಡ್ತಾನಾ?"

ಹೊಸ ಪಾತ್ರಧಾರಿ ಬಂದರು ಅಂತ ಜನ ಕತ್ತು ಚಾಚಿದರು. ದೊಡ್ಡತಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಾಸಿಗೆ ಹತ್ತಿರವೇ ಬಂದರು. ಆ ಕಾಡು ಕಡಿಯುವಾಗ ಅವಳೂ ಕೊಡಲಿ ಹಿಡಿದಿರಲಿಲ್ಲವಾ, ಬಾವಿ ತೋಡಿದ ಮಣ್ಣು ಹೊತ್ತವಳು ಯಾರು, ಗಂಡ ಕಣ್ಣು ಮುಚ್ಚಿದ ಮರುದಿನ ನೀರಿಗೆ ಹೋಗಲು ಮಗನ ಅಪ್ಪಣೆ ಕೇಳಬೇಕಾ, ಅಂತ ಒಂದೇ ಉಸಿರಿಗೆ ಕೇಳಿದರು. ವ್ಯಾಸರಾಜ ಈಗ ಎದ್ದು ನಿಂತು ಇದನ್ನೆಲ್ಲ ಇಂಗ್ಲಿಷಿಗೆ ಮಾಡಿ ಜನಕ್ಕೆ ಹೇಳತೊಡಗಿದ. ವೇದಿಕೆ ಸಿಕ್ಕರೆ ಬಿಡುವವನಲ್ಲ ಅವನು.

ವೆಂಕಟೇಶ ಗಾಬರಿಯಲ್ಲಿ ಎದ್ದು ಕೂತ. ಕೈಯಲ್ಲಿದ್ದ ಕಾಗದ ಜಾರಿ ಹುಲ್ಲಿನ ಮೇಲೆ ಬಿತ್ತು. ಫಾರ್ಮಿನವರು ಮಕ್ಕಳಿಗೆ ಮುಟ್ಟಿ ನೋಡಲಿ ಅಂತ ಒಂದು ಆಡು ಕಟ್ಟಿದ್ದರು. ಅದು ಬಹಳ ಹೊತ್ತಿನಿಂದ ಬೇಸರದಲ್ಲಿತ್ತು. ಕತ್ತು ಚಾಚಿ ಕಾಗದ ಎಳೆದುಕೊಂಡು, ಹೊಲ, ಕುದುರೆ, ಬಾವಿ, ಹಸು ಎಲ್ಲವನ್ನೂ ನಿಧಾನವಾಗಿ ಅಗಿದು ನುಂಗಿತು.

ಮಿಸ್ ಡಾಸನ್ ತಲೆ ಮೇಲೆ ಕೈ ಇಟ್ಟುಕೊಂಡರು. ನಿಸರ್ಗಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ಕಾಣುತ್ತಿದ್ದ ಕೆನ್ನೆ ಕೆಂಪಾಗಿತ್ತು.

ಆಗ ದೊಡ್ಡತಾಯಮ್ಮ ತಗ್ಗಿದ ದನಿಯಲ್ಲಿ ಒಂದೇ ಮಾತು ಅಂದರು. "ಚಿಕ್ಕಲಿಂಗೇಗೌಡ್ರ ಮೊಮ್ಮಗ ಕಣ್ಲಾ ನೀನು. ಹೆಣ್ಮಗೀಗೆ ಒಂದು ಹಸ ಕೊಟ್ಟು ಮನಗ್ತೀಯಾ?"

ಆ ಕ್ಷಣ ವೆಂಕಟೇಶನಿಗೆ ಏನಾಯಿತೋ ಅವನಿಗೇ ಗೊತ್ತಿಲ್ಲ. ಸಾಯುತ್ತಿದ್ದವನು ಕೋಲು ಊರಿಕೊಂಡು ಎದ್ದ. ಬೆನ್ನು ನೆಟ್ಟಗಾಯಿತು. ಕೊಟ್ಟಿಗೆಯ ಮಣ್ಣಿನ ನೆಲದ ಮೇಲೆ ಕೋಲಿನಿಂದ ಉದ್ದಕ್ಕೆ ಒಂದು ಗೆರೆ ಎಳೆದ. ನಮ್ಮ ಊರಲ್ಲಿ ಪಾಲು ಹೀಗಲ್ಲ, ನಮ್ಮ ತಾತ ಮಾಡುತ್ತಿದ್ದ ಕ್ರಮ ಬೇರೆ ಅಂತ ಶುದ್ಧ ಮಂಡ್ಯದ ಇಂಗ್ಲಿಷಿನಲ್ಲಿ ಘೋಷಿಸಿದ. ಆಸ್ತಿಯನ್ನು ಗುಂಪು ಮಾಡಿ ಇಡುವವನು ಹಿರಿಯ. ಮೊದಲು ಆರಿಸಿಕೊಳ್ಳುವವನು ಕಿರಿಯ. ಹಿರಿಯನಿಗೆ ಕೊನೆಗೆ ಉಳಿದದ್ದು. ಹಾಗಾಗಿ ಹಿರಿಯ ಮೋಸ ಮಾಡಿದರೆ ಅದು ಅವನ ತಲೆ ಮೇಲೇ ಬೀಳುತ್ತದೆ.

ಇಷ್ಟು ನಿಜ. ಚಿಕ್ಕಲಿಂಗೇಗೌಡರು ಮಾಡುತ್ತಿದ್ದದ್ದು ಇದೇ. ಆದರೆ ಅವರು ಕರೆಯುತ್ತಿದ್ದದ್ದು ಅಣ್ಣತಮ್ಮಂದಿರನ್ನು ಮಾತ್ರ. ವೆಂಕಟೇಶನ ಕಣ್ಣು ಮುಖ ಮುಚ್ಚಿಕೊಂಡ ಮಗಳ ಮೇಲೆ ಬಿತ್ತು, ತಾತನ ಕ್ರಮಕ್ಕೆ ಅವನು ಅಲ್ಲೇ ಒಂದಿಷ್ಟು ಸೇರಿಸಿಬಿಟ್ಟ. ಕಿರಿಯರು ಅಂದರೆ ಮನೆಯಲ್ಲಿ ಎಲ್ಲರಿಗಿಂತ ಕಿರಿಯರು, ಹೆಣ್ಣಾಗಲಿ ಗಂಡಾಗಲಿ, ಮೊನ್ನೆ ಹುಟ್ಟಿದ ಕೂಸೇ ಆಗಲಿ, ಮೊದಲ ಆಯ್ಕೆ ಅವರದ್ದು, ಇದು ನಮ್ಮ ತಾತನ ಮಾತು ಅಂತ ಕೋಲನ್ನು ನೆಲಕ್ಕೆ ಕುಟ್ಟಿದ. ದೊಡ್ಡತಾಯಮ್ಮ ಇದನ್ನು ವ್ಯಾಸರಾಜನ ಬಾಯಿಂದ ಕನ್ನಡದಲ್ಲಿ ಕೇಳಿಸಿಕೊಂಡು ಮಗನ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಹೋಗಿ ಕೂತರು.

ಮನೆ, ಬಾವಿ, ಹೊಲ, ಕುದುರೆ, ಹಸು, ಹಾಸಿಗೆ ಎಲ್ಲವನ್ನೂ ಮಕ್ಕಳು ರಟ್ಟಿನಲ್ಲಿ ಕತ್ತರಿಸಿ ಬಣ್ಣ ಹಚ್ಚಿಟ್ಟಿದ್ದರು. ವೆಂಕಟೇಶ ಅವನ್ನೆಲ್ಲ ಅಭಿರಾಮನ ಮುಂದೆ ಸುರಿದು, ಮೂರು ಗುಂಪು ಮಾಡು ಅಂದ. ಅಭಿರಾಮ್ ಹಿಂದೆಮುಂದೆ ನೋಡದೆ ಮನೆ, ಬಾವಿ, ಹೊಲಗಳೆರಡು, ಕುದುರೆ ಎಲ್ಲ ಒಂದು ಗುಂಪಿಗೆ ಹಾಕಿ, ಹಸುವನ್ನು ಒಂದು ಕಡೆ, ಹಾಸಿಗೆಯನ್ನು ಒಂದು ಕಡೆ ಇಟ್ಟ. ಭೇಷ್, ಈಗ ತಂಗಿ ಮೊದಲು ಆರಿಸಲಿ ಅಂದ ವೆಂಕಟೇಶ. ಅಭಿರಾಮ್ ಗುಂಪುಗಳನ್ನು ಮತ್ತೆ ಎಳೆದುಕೊಂಡ. ತಡೀರಿ ತಡೀರಿ ಅಂತ ಕೂತು ಹೊಲ ಇತ್ತ ಹಾಕಿದ, ಕುದುರೆ ಅತ್ತ ಇಟ್ಟ, ಬಾವಿಯನ್ನು ಎತ್ತಿಕೊಂಡು ಎಲ್ಲಿಡಬೇಕೋ ತಿಳಿಯದೆ ಅಪ್ಪನ ಮುಖ ನೋಡಿದ. ಅದು ಸ್ಕ್ರಿಪ್ಟಿನಲ್ಲೇ ಇಲ್ಲ ಅಂತ ವ್ಯಾಸರಾಜ ಕೂಗಿದ. ಸ್ಕ್ರಿಪ್ಟು ಆಡಿನ ಹೊಟ್ಟೆಯಲ್ಲಿತ್ತು. ಜನ ಬಿದ್ದು ಬಿದ್ದು ನಕ್ಕರು. ಕೊನೆಗೆ ಮೂರು ಗುಂಪು ತಕ್ಕಡಿಯಲ್ಲಿ ತೂಗಿದ ಹಾಗೆ ಸಮ ಆದವು.

ನಿಸರ್ಗಾ ಮುಖದಿಂದ ಕೈ ತೆಗೆದಿದ್ದಳು. ಗೆರೆಯ ಪಕ್ಕದಲ್ಲೇ ನಡೆದು ಮೂರೂ ಗುಂಪು ನೋಡಿದಳು. ಮನೆ ಮತ್ತು ಬಾವಿ ಇದ್ದ ಗುಂಪನ್ನು ಎತ್ತಿಕೊಂಡು, ತಾಯಿಯ ಪಾರ್ಟಿನ ಹುಡುಗಿಯ ಕಡೆ ತಿರುಗಬೇಕಾದವಳು ತನ್ನ ಅಜ್ಜಿಯ ಕಡೆ ತಿರುಗಿದಳು. ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಒಂದೊಂದೇ ಪದ ಹುಡುಕಿಕೊಂಡು ಹೇಳಿದಳು.

"ಬಾವಿ ನಂದು. ಅವ್ವ ಯಾವಾಗ ಬೇಕಾದ್ರೂ ಬರಬಹುದು. ಕೇಳೋದು ಬೇಡ."

ದೊಡ್ಡತಾಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ವೆಂಕಟೇಶನಿಗೂ ಕಣ್ಣು ತುಂಬಿ, ನೀರು ಇಳಿದು, ಗಡ್ಡದ ಗಮ್ ಬಿಟ್ಟು, ಗಡ್ಡ ಒಂದು ಕಿವಿಯಿಂದ ಜೋತುಬಿತ್ತು. ಅವನು ಗಮನಿಸಲೇ ಇಲ್ಲ. ಚಪ್ಪಾಳೆ ನಿಲ್ಲುವ ಹಾಗೆ ಕಾಣಲಿಲ್ಲ. ಮಿಸ್ ಡಾಸನ್ ಬಂದು ಕೈ ಕುಲುಕಿ, ಇಷ್ಟು ವರ್ಷದಲ್ಲಿ ಇಂಥ ಪಾಠ ಆಗಿರಲಿಲ್ಲ ಅಂದರು. ಪಕ್ಕದಲ್ಲಿ ನಿಂತಿದ್ದ ನಿಸರ್ಗಾ ಅಪ್ಪನ ಕೈ ಹಿಡಿದುಕೊಂಡೇ ಇದ್ದಳು. ತಾತನ ರೂಲ್ಸೆಲ್ಲ ನಮ್ಮಪ್ಪನಿಗೆ ಗೊತ್ತು, ನಮ್ಮಪ್ಪ ಸುಳ್ಳು ಹೇಳಲ್ಲ ಅಂತ ಟೀಚರಿಗೆ ಇಂಗ್ಲಿಷಿನಲ್ಲಿ ಹೇಳಿದಳು. ಹೆಮ್ಮೆ ಅಂದರೆ ಏನು ಅಂತ ವೆಂಕಟೇಶನಿಗೆ ಅವತ್ತು ಗೊತ್ತಾಯಿತು. ಇಷ್ಟು ದಿನ ತಾತನದ್ದನ್ನು ಹೇಳಿಕೊಂಡು ತಿರುಗುತ್ತಿದ್ದ, ಇದು ಸ್ವಂತದ್ದು.

ಮಧ್ಯಾಹ್ನ ಎಲ್ಲರೂ ವೆಂಕಟೇಶನ ಮನೆಗೆ ಊಟಕ್ಕೆ ಬಂದರು. ಮುದ್ದೆ, ಬಸ್ಸಾರು. ಹುಣಿಸೆಹಣ್ಣು ಖಾಲಿಯಾಗಿದ್ದರಿಂದ ಸಾರಿಗೆ ಬೇಲಿಯ ಮೇಲಿನ ನಿಂಬೆಹಣ್ಣು ಹಿಂಡಿದ್ದರು. ವ್ಯಾಸರಾಜನಿಗೆ ಆ ರುಚಿ ಗುರುತು ಸಿಕ್ಕಿತು, ಬೇಲಿಯ ಕಡೆ ಒಮ್ಮೆ ನೋಡಿ ಊಟ ಮುಂದುವರಿಸಿದ. ಊಟ ಆದ ಮೇಲೆ ದೊಡ್ಡತಾಯಮ್ಮ ಒಳಗೆ ಹೋಗಿ ತಮ್ಮ ದೊಡ್ಡ ಚೀಲ ಎಳೆದುಕೊಂಡು ಬಂದು ಹಾಲಿನ ನಡುವೆ ಇಟ್ಟರು. ಬೆಳ್ಳಿ ಚೊಂಬು, ಮಾವನವರ ಕಾಲದ ಗಡಿಯಾರ, ಉಪ್ಪಿನಕಾಯಿ ಜಾಡಿ, ಹುರಿಹಿಟ್ಟು, ತುಪ್ಪ, ಹೊಲಿದ ಕೌದಿ. ಅದರ ಪಕ್ಕ ಕೋಲು ಇಟ್ಟರು.

"ಇವತ್ತೇ ಕೊಟ್ಬುಡ್ತೀನಿ," ಅಂದರು. "ಯೆಂಕಟೇಸ, ಹಿರಿಯ ನೀನು. ಬೆಳಗ್ಗೆ ಅಷ್ಟು ಜನದ ಮುಂದೆ ಹೇಳ್ದಲ್ಲ, ಅದೇ ಕ್ರಮದಾಗೆ ಪಾಲು ಮಾಡು."

ಕಿರಿಯನಾದ ಮಧುಕರ ಮೊದಲು ಆರಿಸುತ್ತಾನೆ ಅಂತ ವೆಂಕಟೇಶನಿಗೆ ಹೊಳೆಯಿತು. ಆದರೆ ಅವನು ದಡ್ಡನಲ್ಲ. ತಮ್ಮನ ಬುದ್ಧಿ ಅವನಿಗೆ ಅಂಗೈ ಗೆರೆಯಷ್ಟು ಚೆನ್ನಾಗಿ ಗೊತ್ತು. ಮಧುಕರ ಚಿಕ್ಕಂದಿನಿಂದ ತಿಂಡಿಪೋತ, ಹೊಳೆಯುವ ವಸ್ತು ಕಂಡರೆ ಬಿಡುವವನಲ್ಲ. ಕೋಲನ್ನು ಒಂಟಿಯಾಗಿ ಒಂದು ಕಡೆ ಇಟ್ಟ. ಬೆಳ್ಳಿ ಚೊಂಬು, ಗಡಿಯಾರ, ತುಪ್ಪ, ಹುರಿಹಿಟ್ಟು, ಉಪ್ಪಿನಕಾಯಿ, ಕೌದಿ ಎಲ್ಲವನ್ನೂ ಇನ್ನೊಂದು ಕಡೆ ರಾಶಿ ಮಾಡಿದ. ಮಧುಕರನ ಕಣ್ಣು ಇನ್ನೂ ಕೋಲಿನ ಮೇಲೇ ಇತ್ತು. ವೆಂಕಟೇಶ ಹಿತ್ತಿಲಿಗೆ ಹೋಗಿ, ತಮ್ಮ ಬಂದಾಗಲೆಲ್ಲ ಆಸೆಯಿಂದ ಸವರುತ್ತಿದ್ದ ಕೋಳಿ ಸುಡುವ ತನ್ನ ಹೊಸ ಗ್ರಿಲ್ ಒಲೆಯನ್ನು ತಳ್ಳಿಕೊಂಡು ಬಂದು ರಾಶಿಯ ಪಕ್ಕ ನಿಲ್ಲಿಸಿದ. ನಿರುಪಮಾ ಹಣೆ ಚಚ್ಚಿಕೊಂಡಳು.

ಈಗ ಮಧುಕರನ ಕಣ್ಣು ತಿರುಗಿತು. ಗ್ರಿಲ್ಲನ್ನು ನೋಡಿದ, ತುಪ್ಪ ನೋಡಿದ, ಹೆಂಡತಿಯನ್ನು ನೋಡಿದ. ಅಣ್ಣ, ಕೋಲು ನಿನ್ನ ಮನೇಲೇ ಚೆನ್ನಾಗಿ ಕಾಣುತ್ತೆ ಬಿಡು ಅಂತ ರಾಶಿಯ ಕಡೆ ಕೈ ಚಾಚಿದ. ವೆಂಕಟೇಶನ ಕಣ್ಣು ಆಗಲೇ ಗೋಡೆಯ ಮೊಳೆ ಮೇಲಿತ್ತು.

"ವೇಟ್," ಅಂದಳು ನಿಸರ್ಗಾ. "ಚಿಕ್ಕಪ್ಪ ಈಸ್ ನಾಟ್ ದ ಯಂಗೆಸ್ಟ್."

ಎಲ್ಲರೂ ಅವಳ ಕಡೆ ತಿರುಗಿದರು. ಅವಳ ಮುಖದಲ್ಲಿ ಬೆಳಗಿನ ಬೆಳಕು ಹಾಗೇ ಇತ್ತು. ತಾತನ ಮಾತು ಅಂತ ಅಪ್ಪ ಹೇಳಲಿಲ್ಲವಾ, ಮನೆಯಲ್ಲಿ ಎಲ್ಲರಿಗಿಂತ ಕಿರಿಯರು, ಹೆಣ್ಣಾಗಲಿ ಗಂಡಾಗಲಿ, ಕೂಸೇ ಆಗಲಿ ಅಂತ? ಅಂದಮೇಲೆ ಆರಿಸಬೇಕಾದದ್ದು ವಿಭಾ. ಇಂಗ್ಲಿಷಿನಲ್ಲಿ ಇಷ್ಟನ್ನೂ ಹೇಳಿ, ಸರಿ ತಾನೇ ಅಂತ ಅಪ್ಪನ ಮುಖ ನೋಡಿದಳು. ಹೌದೌದು, ಅದೇ ಸರಿ ಅಂತ ವ್ಯಾಸರಾಜ ಬಾಗಿಲ ಹತ್ತಿರದಿಂದ ಸಾಕ್ಷಿ ನುಡಿದ.

ಒಂದು ಮಾತು ಸಾಕಾಗಿತ್ತು. ಅದನ್ನು ನಾನೇ ಸೇರಿಸಿದ್ದು ಪುಟ್ಟಿ, ತಾತ ಕರೆಯುತ್ತಿದ್ದದ್ದು ಅಣ್ಣತಮ್ಮಂದಿರನ್ನು ಮಾತ್ರ ಅಂತ ಹೇಳಿದ್ದರೆ ಕೋಲು ಅವನದಾಗುತ್ತಿತ್ತು. ವೆಂಕಟೇಶ ಬಾಯಿ ತೆರೆದ. ನಮ್ಮಪ್ಪ ಸುಳ್ಳು ಹೇಳಲ್ಲ ಅಂದವಳು ಎದುರಿಗೆ ನಿಂತು ಕಾಯುತ್ತಿದ್ದಳು. ಅವನು ತಾಯಿಯ ಕಡೆ ನೋಡಿದ. ನಿಜ ಏನು ಅಂತ ಚೆನ್ನಾಗಿ ಗೊತ್ತಿದ್ದ ದೊಡ್ಡತಾಯಮ್ಮ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದರು.

"ಹೌದು ಪುಟ್ಟಿ," ಅಂದ ವೆಂಕಟೇಶ. "ತಾತ ಹಾಗೇ ಹೇಳ್ತಿದ್ದದ್ದು."

ದೀಪಾಲಿ ವಿಭಾಳನ್ನು ಎರಡು ಪಾಲುಗಳ ನಡುವೆ ಇಳಿಸಿದಳು. ಭಾವ, ತಪ್ಪು ತಿಳಕೋಬೇಡಿ ಅಂತಲೂ ಅಂದಳು. ವೆಂಕಟೇಶನಿಗೆ ಇನ್ನೂ ಆಸೆ ಇತ್ತು. ಕೂಸಿಗೆ ಬೆತ್ತದ ಕೋಲು ಯಾಕೆ, ಅಷ್ಟು ದೊಡ್ಡ ಬೆಳ್ಳಿ ಚೊಂಬು ಎದುರಿಗಿದೆ. ವಿಭಾ ಚೊಂಬಿನ ಕಡೆ ನಾಲ್ಕು ಹೆಜ್ಜೆ ಅಂಬೆಗಾಲಿಟ್ಟಳು. ಊರಿಂದ ಬಂದ ಮೇಲೆ ಚೊಂಬನ್ನು ಯಾರೂ ತೊಳೆದಿರಲಿಲ್ಲ, ಮಂಕಾಗಿತ್ತು. ಕಿಟಕಿಯಿಂದ ಬಿಸಿಲು ಕೋಲಿನ ತುದಿಗೆ ಬಿತ್ತು. ವೆಂಕಟೇಶ ಬೆಳಿಗ್ಗೆ ಹುಣಿಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಹೊಳೆಸಿದ ಹಿತ್ತಾಳೆ ಝಗ್ ಅಂತು. ವಿಭಾ ನಿಂತಳು, ತಿರುಗಿದಳು, ಕೇಕೆ ಹಾಕಿಕೊಂಡು ಸರಸರ ಅಂಬೆಗಾಲಿಟ್ಟು ಬಂದು ಕೋಲಿನ ತುದಿಯನ್ನು ಎರಡು ಕೈಯಲ್ಲೂ ಹಿಡಿದು ಬಾಯಿಗಿಟ್ಟುಕೊಂಡಳು. ಹಿತ್ತಾಳೆಯಲ್ಲಿ ಇನ್ನೂ ಹುಣಿಸೆಯ ಹುಳಿ ಇತ್ತೋ ಏನೋ, ಒಂದು ಸಲ ಮುಖ ಕಿವುಚಿ, ಮತ್ತೆ ಚಪ್ಪರಿಸಿದಳು. ಬಿಡಿಸಲು ಹೋದರೆ ಅಳು.

ಎಲ್ಲರೂ ಕೈ ತಟ್ಟಿದರು. ಎಲ್ಲರಿಗಿಂತ ಜೋರಾಗಿ ನಿಸರ್ಗಾ.

ಸಂಜೆ ವಿಭಾಳನ್ನೂ ಕೋಲನ್ನೂ ಒಟ್ಟಿಗೆ ಎತ್ತಿಕೊಂಡು ಹೋಗಿ ಕಾರಿನಲ್ಲಿ ಕೂರಿಸಿದವನು ವೆಂಕಟೇಶನೇ. ಕಾರು ಸ್ಯಾನ್ ಮಟಿಯೋ ಸೇತುವೆಯ ದಾರಿ ಹಿಡಿಯಿತು. ಗ್ರಿಲ್ ಹೋಯಿತಲ್ಲ ಅಂತ ಮಧುಕರ ಕೊನೆಯವರೆಗೂ ಕಿಟಕಿಯಿಂದ ನೋಡುತ್ತಿದ್ದ. ಒಳಗೆ ಬಂದ ವೆಂಕಟೇಶ ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲಿ ನೆಲದ ಮೇಲೆ ಕೂತ. ಬಿ.ಪಿ. ಇದೆ ಅಂತ ಡಾಕ್ಟರು ಅವನಿಗೆ ಉಪ್ಪಿನಕಾಯಿಯನ್ನೂ ತುಪ್ಪವನ್ನೂ ಬಿಡಿಸಿದ್ದರು. ದೊಡ್ಡತಾಯಮ್ಮ ಬಂದು ಪಕ್ಕದಲ್ಲಿ ಕೂತರು.

"ನಿಮ್ ತಾತ ಹಂಗೆ ಹೇಳಿರ್ನಿಲ್ಲ," ಅಂದರು.

"ಗೊತ್ತು ಕಣವ್ವ."

"ಅವ್ರು ಹೇಳ್ಬೇಕಾಗಿತ್ತು." ಆಮೇಲೆ ಅವನ ತಾತನೂ ಹಿರಿಮಗನೇ ಅಂತ ನೆನಪು ಮಾಡಿದರು. ತಮ್ಮಂದಿರೆಲ್ಲ ಆರಿಸಿಕೊಂಡ ಮೇಲೆ ಅವರಿಗೆ ಉಳಿದದ್ದು ಗುಡ್ಡದ ಬುಡದ ಆ ಕಲ್ಲು ಹೊಲ. ಸಾಯುವವರೆಗೂ ಅದರಲ್ಲೇ ಹುರುಳಿ ಬೆಳೆದರು, ಎದೆ ಸೆಟೆಸಿಕೊಂಡೇ ಓಡಾಡಿದರು. "ನೀನೂ ಹಂಗೇ ಕಾಣ್ತಿದ್ದೆ ಇವತ್ತು," ಅಂತ ಮಗನ ಮಂಡಿ ತಟ್ಟಿ ಎದ್ದುಹೋದರು.

ವೆಂಕಟೇಶ ಅಲ್ಲೇ ಕೂತು ಮೂಗು ಸೀಟಿಕೊಂಡ. ಖಾಲಿ ಮೊಳೆ ನೋಡಿದರೆ ಹೊಟ್ಟೆ ಉರಿಯುತ್ತಿತ್ತು, ಎದೆ ಮಾತ್ರ ಉಬ್ಬಿಕೊಂಡಿತ್ತು.

ಮರುದಿನ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ವ್ಯಾಸರಾಜ ನಗುನಗುತ್ತ ನಿಂತಿದ್ದ, ಕೈಯಲ್ಲಿ ಒಂದು ಬುಟ್ಟಿ.

"ಆ ನಿಂಬೆ ಮರ ಇತ್ಯರ್ಥ ಮಾಡಿಬಿಡೋಣ ವೆಂಕಟೇಶ್. ನಿಮ್ಮ ತಾತನ ಕ್ರಮದಲ್ಲೇ. ನಾನು ನಿಮಗಿಂತ ಒಂದು ದೀಪಾವಳಿ ಚಿಕ್ಕವನು."

ವೆಂಕಟೇಶ ಬೇಡ ಅನ್ನುವುದಕ್ಕೆ ಬಾಯಿ ತೆರೆದ. ಮೆಟ್ಟಿಲ ಮೇಲೆ ನಿಸರ್ಗಾ ಹಲ್ಲುಜ್ಜುತ್ತ ನಿಂತು ನೋಡುತ್ತಿದ್ದಳು. ಅವನು ಬಾಯಿ ಮುಚ್ಚಿಕೊಂಡ. ಕೋಲು ಸ್ಯಾನ್ ಮಟಿಯೋದಲ್ಲಿತ್ತು. ಗರಾಜಿಗೆ ಹೋಗಿ ನೆಲ ಒರೆಸುವ ಮಾಪಿನ ಕೋಲು ತಂದ, ಬೆನ್ನು ನೆಟ್ಟಗೆ ಮಾಡಿಕೊಂಡ, ನಿಂಬೆ ಮರದ ಬುಡದಲ್ಲಿ ಗೆರೆ ಎಳೆಯಲು ಹಿತ್ತಿಲಿಗೆ ನಡೆದ.